ಕೊನೆಯ ಆರುನೂರು ಮೀಟರ್

ಕುದುರೆಗಳ ಮೂಗು ಆರುನೂರು ಮೀಟರಿನ ಕಂಬಕ್ಕೆ ಸರಿಯಾದ ಕ್ಷಣ ಅವಳ ಎರಡೂ ಹೆಬ್ಬೆರಳುಗಳು ಒಟ್ಟಿಗೆ ಒತ್ತಿದವು. ಬಲಗೈಯಲ್ಲೊಂದು ಗಡಿಯಾರ, ಎಡಗೈಯಲ್ಲೊಂದು. ದುರ್ಬೀನನ್ನು ಮಹಡಿಯ ಕಟ್ಟೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರಿಂದ ಅದಕ್ಕೆಂದು ಮೂರನೇ ಕೈ ಬೇಕಿರಲಿಲ್ಲ. ಕೆಳಗೆ ರಸ್ತೆ, ರಸ್ತೆಯಾಚೆ ಬಿಳಿ ಬೇಲಿ, ಬೇಲಿಯಾಚೆ ಬೆಳಗಿನ ಮಬ್ಬಿನಲ್ಲಿ ತಾಲೀಮಿನ ಹಾದಿ. ಒಂದೇ ಲಾಯದ ಎರಡು ಕಂದು ಗಂಡುಕುದುರೆಗಳು ತಿರುವು ಮುಗಿಸಿ ನೇರ ಹಾದಿಗೆ ಬಿದ್ದಿದ್ದವು. ಒಂದರ ಬೆನ್ನಿನ ಬಟ್ಟೆಯ ಮೇಲೆ ನಾಲ್ಕನೇ ನಂಬರು. ಅಂದರೆ ಅದು ಭಾನುವಾರದ ದೊಡ್ಡ ಪಂದ್ಯಕ್ಕೆ ನಿಂತ ಕುದುರೆ, ಹೆಸರು 'ತಡವಾದ ಕಾಗದ'. ಇನ್ನೊಂದರ ಬಟ್ಟೆ ಖಾಲಿ. ಅದು ಬರೀ ಜೊತೆಗೆ ಓಡಲು ತಂದದ್ದು, ಲಾಯದವರೇ ಮೊಂಡ ಎಂದು ಕರೆಯುತ್ತಿದ್ದ ಪ್ರಾಣಿ.

ಖಾಲಿ ಬಟ್ಟೆಯದು ಮೊದಲು ಬಂತು. ಬಲ ಹೆಬ್ಬೆರಳು ಒತ್ತಿದಳು: ಮೂವತ್ತೈದೂಕಾಲು ಸೆಕೆಂಡು. ನಾಲ್ಕನೇ ನಂಬರು ಸಾಕಷ್ಟು ಹಿಂದೆ, ಕತ್ತು ಮೇಲೆತ್ತಿಕೊಂಡು ಬಂತು: ಮೂವತ್ತೆಂಟು.

ಬೇಲಿಗೆ ಒರಗಿ ನಿಂತಿದ್ದ ಹತ್ತು ಹನ್ನೆರಡು ಗಡಿಯಾರದವರು "ಹೋಯ್ತು, ಇದರ ಕಥೆ ಮುಗೀತು!" ಎಂದದ್ದು ಮಹಡಿಗೂ ಕೇಳಿಸಿತು. ಅವಳು ಮಾತ್ರ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ತಿರುವಿನಲ್ಲಿ ಒಂದು ಮುಂಗಾಲನ್ನು ಮುಂದೆ ಹಾಕುತ್ತ ಬಂದ ಕುದುರೆ ನೇರ ಹಾದಿಯಲ್ಲಿ ಇನ್ನೊಂದಕ್ಕೆ ಬದಲಿಸುತ್ತದೆ. ಎಲ್ಲ ಕುದುರೆಯೂ ಹಾಗೆಯೇ. ಆದರೆ ಕಾಲು ಬದಲಿಸುವಾಗ ನೊಣ ಓಡಿಸಿದ ಹಾಗೆ ಬಾಲವನ್ನು ಒಮ್ಮೆ ಬೀಸುವ ಕುದುರೆ ಈ ಮೈದಾನದಲ್ಲಿ ಒಂದೇ ಒಂದು. ಎರಡು ವರ್ಷದಿಂದ ಅವಳು ಆ ಬಾಲವನ್ನು ನೋಡುತ್ತ ಬಂದಿದ್ದಳು. ಈಗ ಬಾಲ ಬೀಸಿದ್ದು ಖಾಲಿ ಬಟ್ಟೆಯ ಕುದುರೆ.

'ಬಟ್ಟೆ ಅದಲುಬದಲು. ಮೂವತ್ತೈದೂಕಾಲು ಓಡಿದ್ದು ಕಾಗದ' ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಳು.

ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಕುದುರೆ ಪಂದ್ಯದ ಅಂದಾಜು ಪುಸ್ತಿಕೆಯನ್ನು ಪ್ರತಿ ಶುಕ್ರವಾರ ಹೊರತರುವವನು ಅವಳ ಗಂಡ. ಮೈದಾನದ ಸುತ್ತಮುತ್ತ ಅವನನ್ನು ಪಂಡಿತರು ಎಂದೇ ಕರೆಯುತ್ತಾರೆ. ಮದುವೆಯಾದ ಹೊಸತರಲ್ಲಿ ಗಡಿಯಾರ ಹಿಡಿಯುತ್ತಿದ್ದವನೂ ಅವನೇ. ಆದರೆ ಕುದುರೆ ಓಡುವುದನ್ನು ಕಂಡರೆ ಅವನಿಗೆ ಮೈಮೇಲೆ ಜ್ಞಾನವಿರುತ್ತಿರಲಿಲ್ಲ, ಒತ್ತುವುದನ್ನೇ ಮರೆತು ಬಾಯಿ ತೆರೆದು ನಿಂತುಬಿಡುತ್ತಿದ್ದ. ಹಾಗೆ ಗಡಿಯಾರ ಅವಳ ಕೈಗೆ ಬಂತು. ಅವನು ಬೇಲಿಯ ಬಳಿ ನಿಂತು ಮಾತು ಹೆಕ್ಕುತ್ತಾನೆ, ಅವಳು ಮಹಡಿಯಲ್ಲಿ ನಿಂತು ಸೆಕೆಂಡು ಹೆಕ್ಕುತ್ತಾಳೆ. ಪುಸ್ತಿಕೆಯ ಮೇಲೆ ಅವನೊಬ್ಬನದೇ ಹೆಸರು. ಅದರ ಬಗ್ಗೆ ಅವಳಿಗೆ ಬೇಸರವೆನಿಸಿದ್ದೇ ಇಲ್ಲ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರು, ಅವಳು ಯಾರೆಂದು ತಿಳಿಯದೆ, ಪಕ್ಕದವನಿಗೆ ಹೇಳಿದ್ದ: "ಬೇರೆಯೋರು ಬರೆಯೋದೆಲ್ಲ ಬುರುಡೆ. ಪಂಡಿತರ ಟೈಮು ಮಾತ್ರ ಸುಳ್ಳಾಡಲ್ಲ." ಆ ಇಡೀ ವಾರ ಅವಳ ಕಾಲು ನೆಲದ ಮೇಲಿರಲಿಲ್ಲ.

ಗಂಡ ಮೆಟ್ಟಿಲು ಹತ್ತಿ ಬಂದು ನೋಟ್‌ಬುಕ್ಕು ನೋಡಿದ. ಚಹಾದ ಲೋಟ ಬಾಯಿಯವರೆಗೆ ಹೋದದ್ದು ಅಲ್ಲೇ ನಿಂತಿತು.

"ಏನೇ ಇದು, ಅದಲುಬದಲು?"

"ಬಾಲ ನೋಡ್ದೆ ರೀ. ಖಾಲಿ ಬಟ್ಟೆ ಹಾಕ್ಕೊಂಡು ಓಡಿದ್ದು ಕಾಗದ. ಆ ಮೊಂಡನಿಗೆ ನಾಲ್ಕನೇ ನಂಬರ್ ಹೊದಿಸಿ ಎಲ್ಲರ ಕಣ್ಣಿಗೂ ಮಣ್ಣೆರಚಿದಾರೆ. ಬೇರೆಯೋರು ಅದರ ಮೇಲೆ ದುಡ್ಡು ಹಾಕದಿದ್ರೆ ಗೆದ್ದಾಗ ಇವರಿಗೇ ಹೆಚ್ಚು ಸಿಗುತ್ತಲ್ಲ."

ಅವನು ನಕ್ಕ. "ಆ ಮಬ್ಬಲ್ಲಿ ಬಾಲ ಕಾಣ್ತಾ ನಿಂಗೆ? ಕನ್ನಡಕ ಬದಲಾಯಿಸಿ ಎಷ್ಟು ವರ್ಷ ಆಯ್ತು? ಮೊನ್ನೆ ನೀನು ಪಕ್ಕದ ಮನೆ ಬೆಕ್ಕನ್ನ ನನ್ನ ಕಾಲುಚೀಲ ಅಂತ ಎತ್ತೋಕೆ ಹೋಗಿದ್ದೆ."

"ಅದು ಮಂಚದ ಕೆಳಗೆ ಇತ್ತು. ಕತ್ತಲೆ."

"ಇಲ್ಲೂ ಕತ್ತಲೇನೇ. ಬೇಲಿ ಹತ್ರ ಹನ್ನೆರಡು ಜನ ಮೂವತ್ತೆಂಟು ಅಂತ ಬರ್ಕೊಂಡಿದಾರೆ. ನಿನ್ನೊಬ್ಬಳ ಮಾತು ಹಿಡ್ಕೊಂಡು ನಾನು ಬೇರೆ ಬರೆದ್ರೆ ನಗೆಪಾಟಲಾಗ್ತೀನಿ. ಅಲ್ಲದೆ, ಮೇಷ್ಟ್ರು ಅಂಥೋರಲ್ಲ." ಪೆನ್ನು ತೆಗೆದು ಅವಳ ಸಾಲನ್ನು ಹೊಡೆದುಹಾಕಿದ.

ಮೇಷ್ಟ್ರು ಎಂದರೆ ಆ ಎರಡು ಕುದುರೆಗಳ ತರಬೇತುದಾರ. ಹಿಂದೆ ಸವಾರಿ ಕಲಿಸುತ್ತಿದ್ದರಿಂದ ಆ ಹೆಸರು. ಹೋದ ತಿಂಗಳವರೆಗೂ ಗಂಡ ಅವನನ್ನು 'ಆ ನರಿ' ಎನ್ನುತ್ತಿದ್ದ. ನರಿ ಯಾವಾಗ ಮೇಷ್ಟ್ರಾದ, ಮೇಷ್ಟ್ರು ಯಾವಾಗ ಅಂಥವರಲ್ಲದವರಾದರು ಎಂದು ಅವಳು ಲೋಟ ತೊಳೆಯುತ್ತ ಲೆಕ್ಕ ಹಾಕಿದಳು.

ಆದರೂ ಕನ್ನಡಕದ ಮಾತು ಮನಸ್ಸಿನಲ್ಲಿ ಕೂತಿತು. ಐವತ್ತೊಂದು ವರ್ಷದ ಕಣ್ಣು. ಆ ಮಧ್ಯಾಹ್ನ ಮಹಡಿಯಿಂದ ಬಸ್ಸುಗಳ ಬೋರ್ಡು ಓದಿದಳು, ಎದುರು ಮನೆಯ ತಂತಿಯ ಮೇಲಿನ ಬಟ್ಟೆಯ ಗುಂಡಿ ಎಣಿಸಿದಳು. ಎಲ್ಲ ಸರಿಯಿತ್ತು. ಸರಿಯಿದ್ದಷ್ಟೂ ಅವಳಿಗೆ ಭಯವಾಯಿತು. ಕಣ್ಣು ಕೆಟ್ಟಿದ್ದರೆ ಒಂದು ಕನ್ನಡಕದಲ್ಲಿ ಮುಗಿಯುವ ಮಾತಾಗಿತ್ತು.

ಸಂಜೆ ಅವನ ಪ್ಯಾಂಟನ್ನು ನೆನೆಹಾಕುವ ಮುಂಚೆ ಕಾಲಿನ ಮಡಿಕೆ ಬಿಚ್ಚಿ ಕೊಡವಿದಳು. ಬಡಗಿ ಮರ ಉಜ್ಜಿದಾಗ ಬೀಳುವಂಥ ಬಿಳಿಯ ಹೆರೆ ಉದುರಿತು. ಅವಳು ಅದನ್ನು ಅಂಗೈಗೆ ತೆಗೆದುಕೊಂಡು ನೋಡಿದಳು. ಇಲ್ಲಿ ಎಲ್ಲರೂ ಲಾಯಕ್ಕೆ ಹುಲ್ಲು ಹಾಸುತ್ತಾರೆ. ಮರದ ಹೆರೆ ಹಾಸುವುದು ಮೇಷ್ಟ್ರ ಲಾಯದಲ್ಲಿ ಮಾತ್ರ. ತನ್ನ ಕುದುರೆಗಳು ಹುಲ್ಲು ತಿಂದು ಹೊಟ್ಟೆ ಬೆಳೆಸಿಕೊಳ್ಳುತ್ತವೆ ಎಂಬುದು ಅವನ ವಾದ. ಪುಸ್ತಿಕೆ ಬರೆಯುವವನು ಯಾವ ಲಾಯದ ಹೊಸಿಲನ್ನೂ ದಾಟಬಾರದು ಎಂದು ಇಪ್ಪತ್ತೆರಡು ವರ್ಷ ಉಪದೇಶ ಮಾಡಿದವನ ಪ್ಯಾಂಟು ಬಕೆಟ್ಟಿನಲ್ಲಿ ಮುಳುಗಿತು.

ಆಮೇಲೆ ಊಟದ ಮೇಜಿನ ಮೇಲೆ ಹನ್ನೊಂದು ರಟ್ಟಿನ ಚೀಟಿ ಹರಡಿಕೊಂಡು ಇಬ್ಬರೂ ಎದುರುಬದುರು ಕೂತರು. ಒಂದೊಂದು ಚೀಟಿಗೆ ಒಂದೊಂದು ಕುದುರೆ. ಮಾತಾಡುತ್ತ ಆಡುತ್ತ ಚೀಟಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸುವುದು, ಗುರುವಾರದ ಹೊತ್ತಿಗೆ ಯಾವುದು ಎಷ್ಟನೆಯದು ಎಂಬ ಸಾಲು ನಿಂತುಬಿಡುವುದು. ಸಂಸಾರದಲ್ಲಿ ಅವಳಿಗೆ ಬಲು ಇಷ್ಟವಾದ ಹೊತ್ತು ಅದು. ಬೇರೆ ವಾರ ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸಿ ಎಲ್ಲವನ್ನೂ ಸಮ ಮಾಡುತ್ತಾರೆ. ದೊಡ್ಡ ಪಂದ್ಯದಲ್ಲಿ ಆ ದಾಕ್ಷಿಣ್ಯವಿಲ್ಲ, ಗಂಡುಗಳಿಗೆಲ್ಲ ಒಂದೇ ಭಾರ, ಹೆಣ್ಣುಗಳಿಗೆ ಒಂದೂವರೆ ಕಿಲೋ ಕಡಿಮೆ. ಉಳಿದದ್ದು ಕಾಲಿಗೂ ಶ್ವಾಸಕೋಶಕ್ಕೂ ಬಿಟ್ಟದ್ದು.

"ಬೆಳ್ಳಿಬೀಗ ಮೊದಲು," ಎಂದ ಅವನು.

"ಸಾವಿರದ ಆರುನೂರು ಮೀಟರ್ ಆಗಿದ್ರೆ ನಾನೂ ಅದನ್ನೇ ಅಂತಿದ್ದೆ. ಇದು ಎರಡು ಸಾವಿರದ ನಾನೂರು. ಕೊನೆಯಲ್ಲಿ ಅದರ ಹೆಜ್ಜೆ ಗಿಡ್ಡ ಆಗುತ್ತೆ. ಅದರ ತಾಯಿಯದೂ ಇದೇ ಹಣೆಬರಹ."

"ನನ್ನ ಅತ್ತೆ ಬಗ್ಗೆ ನಾನು ಹಿಂಗಂದಿದ್ರೆ ಮನೇಲಿ ಇರೋಕೆ ಬಿಡ್ತಿದ್ಯಾ?"

"ನನ್ನಮ್ಮ ಎರಡು ಸಾವಿರದ ನಾನೂರನ್ನ ಚಪ್ಪಲಿ ಇಲ್ದೆ ಓಡ್ತಿದ್ಲು. ಸಾಸಿವೆಯ ಚೀಟಿ ಮೇಲಕ್ಕೆ ಹಾಕಿ. ಮೈ ಚಿಕ್ಕದು, ಆದ್ರೆ ಮೆತ್ತಗಿನ ನೆಲ ಅಂದ್ರೆ ಜೀವ ಬಿಡ್ತಾಳೆ."

ಇಬ್ಬರೂ ನಕ್ಕರು. ನಗುತ್ತಲೇ ಅವನು ತಡವಾದ ಕಾಗದದ ಚೀಟಿಯನ್ನು ಆರನೇ ಜಾಗಕ್ಕೆ ಸರಿಸಿದ. ಸರಿಸಿದ ಮೇಲೂ ಅವನ ಬೆರಳು ಅದರ ಮೇಲೇ ಇತ್ತು. ಅವಳು ಎತ್ತಿಬಿಟ್ಟಾಳೋ ಎಂಬಂತೆ.

ಮರುದಿನ, ಮಂಗಳವಾರ, ಮಂಜು ಬಿತ್ತು. ಬೇಲಿಯವರಿಗೆ ಕಂಬವೇ ಕಾಣದೆ ಎಲ್ಲರೂ ಚಹಾದಂಗಡಿಗೆ ನಡೆದರು. ಮಹಡಿಯ ಎತ್ತರಕ್ಕೆ ಅಷ್ಟಿಷ್ಟು ಕಾಣುತ್ತಿತ್ತು. ಹಠಮಾರಿ ಎಂಬ ಹೆಣ್ಣುಕುದುರೆ ಒಂಟಿಯಾಗಿ ಓಡಿ ಬಂದಳು. ಅವಳ ಒಡೆಯ, ತರಬೇತುದಾರ ಎಲ್ಲವೂ ಒಬ್ಬನೇ ಮುದುಕ, ಮೂರೇ ಕುದುರೆಗಳ ಲಾಯ, ಎಲ್ಲರ ಬಾಯಲ್ಲೂ ಅವನು ತಾತ. ಗಡಿಯಾರ ಮೂವತ್ತೆಂಟೂವರೆ ತೋರಿಸಿತು. ಹನ್ನೊಂದರಲ್ಲಿ ಹನ್ನೊಂದನೆಯದಾಗಿ ಬರಬೇಕಾದ ಕುದುರೆ.

ಗಂಡ ಮೇಲೆ ಬಂದಾಗ ಅವಳು ನೋಟ್‌ಬುಕ್ಕು ತೆರೆಯಲಿಲ್ಲ. "ಹಠಮಾರಿ ಏನು ಓಡಿದ್ಲು ಗೊತ್ತಾ?" ಎಂದಳು, ದನಿ ತಗ್ಗಿಸಿ. "ಮೂವತ್ತನಾಲ್ಕು ಮುಕ್ಕಾಲು. ಈ ಮಂಜಲ್ಲಿ ನಾನೊಬ್ಳೇ ನೋಡಿದ್ದು. ಪುಸ್ತಿಕೆ ಬರೋವರೆಗೂ ನಮ್ಮಿಬ್ಬರಲ್ಲೇ ಇರ್ಲಿ."

ಇಪ್ಪತ್ತೆರಡು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಸೆಕೆಂಡು. ಹೇಳುವಾಗ ನಾಲಿಗೆ ತಡವರಿಸೀತು ಎಂದುಕೊಂಡಿದ್ದಳು. ತಡವರಿಸಲಿಲ್ಲ. ಅದೂ ಅವಳಿಗೆ ಹಿಡಿಸಲಿಲ್ಲ.

"ಮೂವತ್ತನಾಲ್ಕು ಮುಕ್ಕಾಲಾ!" ಎಂದವನು ಬಾಲದ ಬಗ್ಗೆಯೂ ಕೇಳಲಿಲ್ಲ, ಕನ್ನಡಕದ ಬಗ್ಗೆಯೂ ಕೇಳಲಿಲ್ಲ. ಹತ್ತು ನಿಮಿಷಕ್ಕೆ ಶೂ ಹಾಕಿಕೊಂಡು, "ಪೇಪರ್ ತರ್ತೀನಿ" ಎಂದು ಹೊರಟ. ಪೇಪರು ಅದಾಗಲೇ ಬಾಗಿಲ ಸಂದಿನಲ್ಲಿ ಬಿದ್ದಿತ್ತು.

ಅವಳು ದಿನವಿಡೀ ತನ್ನನ್ನೇ ಬೈದುಕೊಂಡಳು. ಕಟ್ಟಿಕೊಂಡ ಗಂಡನಿಗೆ ಇಲಿಬೋನಿನ ಹಾಗೆ ಸುಳ್ಳು ಇಟ್ಟೆಯಲ್ಲೇ ಎಂದು. ಆ ನಂಬರು ಎಲ್ಲೂ ಹೋಗದಿರಲಿ, ತಾನೇ ಕೆಟ್ಟವಳೆಂದು ತೀರ್ಮಾನವಾಗಲಿ ಎಂದು ಮನಸ್ಸಾರೆ ಬಯಸಿದಳು. ಅವನು ತಿರುಗಿ ಬಂದಾಗ ಅವನಿಗಿಷ್ಟವಾದ ಹಾಗೆ ಗಟ್ಟಿ ಚಹಾ ಮಾಡಿಕೊಟ್ಟಳು.

ಬುಧವಾರ ಬೆಳಿಗ್ಗೆ ಬ್ರೆಡ್ಡಿನಂಗಡಿಯ ಮುಂದೆ ತಾತ ಅವಳನ್ನು ಅಡ್ಡಗಟ್ಟಿದ. ಜೇಬಿನ ತುಂಬ ಕ್ಯಾರೆಟ್ಟು, ಮುಖದ ತುಂಬ ನಗು.

"ಏನಮ್ಮಾ ಗಡಿಯಾರದಕ್ಕ, ನನ್ನ ಹುಡುಗಿಗೆ ರೆಕ್ಕೆ ಕಟ್ಟಿದೋರು ಯಾರು?"

ಅವಳು ಬ್ರೆಡ್ಡಿನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ಯಾಕೆ ತಾತ? ಏನಾಯ್ತು?"

"ನಿನ್ನೆ ಮಧ್ಯಾಹ್ನ ಆ ಮೇಷ್ಟ್ರು ನನ್ನ ಲಾಯಕ್ಕೆ ಬಂದ. ಹತ್ತು ವರ್ಷದಿಂದ ನನ್ನ ಮುಖ ಕಂಡ್ರೆ ಉಗುಳೋಕೆ ಜಾಗ ಹುಡುಕೋನು. ಬಂದೋನು ಹಠಮಾರಿ ಕಾಲು ಸವರಿದ, ಎದೆಗೆ ಕಿವಿ ಇಟ್ಟ, ಮಾರ್ತೀಯಾ ಅಂದ. ಯಾಕಪ್ಪಾ ಅಂದ್ರೆ, ಸುಮ್ನಿರೋ ಮುದುಕ, ಮಂಜಲ್ಲಿ ಮೂವತ್ತನಾಲ್ಕು ಮುಕ್ಕಾಲು ಓಡ್ಸಿ ನಮ್ಮ ಕಿವಿ ಮೇಲೆ ಹೂವಿಡ್ತೀಯಾ ಅಂತಾನೆ!" ತಾತ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೂವತ್ತನಾಲ್ಕು ಮುಕ್ಕಾಲು! ಆ ಸೋಮಾರಿ ಅಷ್ಟು ಬೇಗ ಓಡೋದು ಕ್ಯಾರೆಟ್ ಕಂಡಾಗ ಮಾತ್ರ. ಯಾರೋ ಅವನಿಗೆ ಚೆನ್ನಾಗಿ ಹೂವು ಇಟ್ಟಿದಾರೆ."

"ಇಟ್ಟಿರ್ಬೇಕು," ಎಂದಳು.

"ಯಾಕಮ್ಮಾ, ಮುಖ ಸಪ್ಪೆ ಆಯ್ತು?"

"ಬ್ರೆಡ್ಡು ಆರಿಹೋಗ್ತಿದೆ ತಾತ, ಬರ್ತೀನಿ."

ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಅಳು ಬರಲಿಲ್ಲ. ಗಂಡ ಇದಕ್ಕೆ ಪಡೆದದ್ದೇನು ಎಂದು ಯೋಚಿಸಿದಳು. ಉತ್ತರ ಅದೇ ಸಂಜೆ ತಾನಾಗಿ ಕಣ್ಣಿಗೆ ಬಿತ್ತು. ಅವಳು ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಬೇಲಿಯ ಒಳಗೆ, ತರಬೇತುದಾರರ ಬಿಳಿ ಚಪ್ಪರದಡಿಯಲ್ಲಿ, ಒಂದು ಬೆತ್ತದ ಕುರ್ಚಿಯಲ್ಲಿ ಗಂಡ ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಮೇಷ್ಟ್ರು ತಾನೇ ಬಗ್ಗಿ ಅವನ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದ. ಮೂವತ್ತು ವರ್ಷ ಬೇಲಿಯ ಹೊರಗೆ ನಿಂತ ಮನುಷ್ಯ. ಒಂದು ಕುರ್ಚಿಗೆ, ಒಂದು 'ಬನ್ನಿ ಪಂಡಿತರೇ' ಎಂಬ ಮಾತಿಗೆ ಅವನು ಕರಗಿ ನೀರಾಗಿದ್ದ. ಅವಳಿಗೆ ಸಿಟ್ಟಿನ ನಡುವೆಯೂ ಅಯ್ಯೋ ಎನಿಸಿತು. ಆದರೆ ಕೊಟ್ಟದ್ದು ಅವನದಾಗಿದ್ದರೆ ಕ್ಷಮಿಸಬಹುದಿತ್ತು. ಅವನು ಕೊಟ್ಟದ್ದು ಅವಳ ಬೆಳಗುಗಳನ್ನು. ಚಳಿಯಲ್ಲಿ, ಜ್ವರದಲ್ಲಿ, ಬಸುರಿಯಾಗಿ ಎಂಟನೇ ತಿಂಗಳಲ್ಲಿ ಗೋಡೆ ಹಿಡಿದು ಹತ್ತಿದ ಮೆಟ್ಟಿಲುಗಳನ್ನು. ಮೇಲಾಗಿ, ಸರಿಯಾಗಿ ಕಂಡ ಅವಳ ಕಣ್ಣನ್ನು ಅವಳೇ ಎರಡು ದಿನ ಅನುಮಾನಿಸುವ ಹಾಗೆ ಮಾಡಿದ್ದ.

ಗುರುವಾರ ಮಧ್ಯಾಹ್ನ ಅವನು ಕರಡನ್ನು ಮೇಜಿನ ಮೇಲಿಟ್ಟ. ಅವನ ಅಕ್ಷರ ಮುದ್ರಣದವರಿಗೆ ಅರ್ಥವಾಗುವುದಿಲ್ಲ. ಅಚ್ಚುಕಟ್ಟಾಗಿ ನಕಲು ಮಾಡಿ ಐದು ಗಂಟೆಯೊಳಗೆ ಮುದ್ರಣಾಲಯಕ್ಕೆ ಕೊಟ್ಟುಬರುವುದು ಅವಳ ಪಾಲಿನ ಕೆಲಸ.

"ಒಂದು ಕಾಮಾ ಕೂಡ ಬದಲಾಯಿಸ್ಬೇಡ, ಈ ಸಲ ಎಲ್ಲ ಅಳೆದು ತೂಗಿ ಬರೆದಿದೀನಿ," ಎಂದು ಕನ್ನಡಿಯ ಮುಂದೆ ತಲೆ ಬಾಚಿಕೊಂಡ. "ಸ್ವಲ್ಪ ಹೊರಗೆ ಹೋಗಿ ಬರ್ತೀನಿ."

"ಎಲ್ಲಿಗೆ?"

"ಇಲ್ಲೇ."

ಅವಳು ಓದಿದಳು. ಬೆಳ್ಳಿಬೀಗ ಮೊದಲು, ಸಾಸಿವೆ ಎರಡು. ತಡವಾದ ಕಾಗದ ಆರು: 'ಕೊನೆಯ ಆರುನೂರು ಮೀಟರಿಗೆ ಮೂವತ್ತೆಂಟು ಸೆಕೆಂಡು. ಓದುಗರು ದೂರವಿರುವುದು ಒಳ್ಳೆಯದು.' ಮೂರನೆಯ ಜಾಗದಲ್ಲಿ ಹಠಮಾರಿ: 'ಮೂವತ್ತನಾಲ್ಕು ಮುಕ್ಕಾಲು. ನಮ್ಮ ಗಡಿಯಾರ ಮಾತ್ರ ಕಂಡ ಓಟ.'

ನಮ್ಮ ಗಡಿಯಾರ. ಅವಳು ಆ ಸಾಲನ್ನು ಎರಡು ಸಲ ಓದಿದಳು. ಅವನ ಸುಳ್ಳಿಗಿಂತ ಮೂರು ಸಾಲು ಮೇಲೆ ತನ್ನ ಸುಳ್ಳು ಕೂತಿತ್ತು, ಅವನದಕ್ಕಿಂತ ದಿಟ್ಟವಾಗಿ. ಆ ಬಸ್ಸಿನ ಕಂಡಕ್ಟರು ನಾಳೆ ಎರಡನ್ನೂ ಓದುತ್ತಾನೆ, ಎರಡನ್ನೂ ನಂಬುತ್ತಾನೆ.

ಹಾಳೆ ತೆಗೆದು, ಮೊದಲು ತನ್ನದನ್ನು ಸರಿಮಾಡಿದಳು. ಹಠಮಾರಿ: ಮೂವತ್ತೆಂಟೂವರೆ, ಹನ್ನೊಂದನೆಯ ಸ್ಥಾನ. ಆಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ನಾಳೆ ಪುಸ್ತಿಕೆ ಬಿಚ್ಚಿದಾಗ ಅವನು ಏನು ಮಾಡಬಲ್ಲ? ತಪ್ಪಾಗಿದೆ ಎಂದು ಯಾರ ಹತ್ತಿರ ಕೂಗಾಡಬಲ್ಲ? ಕುರ್ಚಿ ಹೋಗುತ್ತದೆ. ಬಹುಶಃ ಅವಳೊಂದಿಗೆ ಮಾತೂ ಹೋಗುತ್ತದೆ, ತಿಂಗಳುಗಟ್ಟಲೆ. ಮೇಜಿನ ಆಚೆಬದಿಯ ಖಾಲಿ ಜಾಗವನ್ನು ನೋಡಿದಳು. ನೋಡಿ, ಬರೆದಳು.

'ತಡವಾದ ಕಾಗದ. ಸೋಮವಾರ ಖಾಲಿ ಬಟ್ಟೆ ಹೊದ್ದು ಓಡಿದ ಕುದುರೆ ಇದೇ. ಮೂವತ್ತೈದೂಕಾಲು. ಓಟದ ದೂರ ಹೆಚ್ಚಿದಷ್ಟೂ ಇದಕ್ಕೆ ಒಳ್ಳೆಯದು. ಮೊದಲ ಸ್ಥಾನ.'

ಉಳಿದ ಕುದುರೆಗಳ ಸ್ಥಾನವನ್ನು ಅದಕ್ಕೆ ತಕ್ಕಂತೆ ಸರಿಸಿ, ಮಿಕ್ಕದ್ದನ್ನು ಅವನು ಬರೆದಂತೆಯೇ, ಕಾಮಾ ಸಹಿತ ಇಳಿಸಿದಳು. ಅವನ ಕರಡನ್ನು ಹರಿಯಲಿಲ್ಲ, ಮಡಚಿ ಅವನ ಕಪಾಟಿನಲ್ಲೇ ಇಟ್ಟಳು. ಇನ್ನು ಮುಂದೆ ಅಚ್ಚಾಗುವವರೆಗೆ ತನ್ನ ಸೆಕೆಂಡುಗಳು ತನ್ನ ಬಳಿಯೇ ಇರುತ್ತವೆ ಎಂದೂ ಅದೇ ಉಸಿರಿನಲ್ಲಿ ನಿಶ್ಚಯವಾಯಿತು. ಅದನ್ನು ಹೇಳಿಕೊಳ್ಳುವಂಥ ಜನ ಯಾರೂ ನೆನಪಿಗೆ ಬರಲಿಲ್ಲ, ಬೇಕೆಂದೂ ಅನಿಸಲಿಲ್ಲ.

ಲಕೋಟೆಗೆ ಅಂಟು ಹಚ್ಚುತ್ತಿರುವಾಗ ಮೆಟ್ಟಿಲ ಮೇಲೆ ಶೂ ಸದ್ದಾಯಿತು.

"ಮುಗೀತೇನೇ?"

"ಮುಗೀತು ರೀ."

"ಎಲ್ಲ ನಾನು ಬರೆದ ಹಾಗೇ ತಾನೆ?"

"ಕಾಮಾ ಒಂದೂ ಬಿಟ್ಟಿಲ್ಲ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು, ಲಕೋಟೆ ಹಿಡಿದು, ಅವನನ್ನು ದಾಟಿ ಕೆಳಗಿಳಿದಳು.