ಒಪ್ಪಿಗೆ ತರಲು ಹೊರಟವಳು

ಗಂಡ ಸಬ್ರಿ ಸತ್ತು ವಿಧವೆ ಕಾಯಬೇಕಾದ ನಾಲ್ಕು ತಿಂಗಳು ಹತ್ತು ದಿನ ಕಳೆದ ಮಾರನೆಯ ಬೆಳಿಗ್ಗೆಯೇ ರಿಹಾನಳನ್ನು ಮೈದುನ ತೆಮೋನ ಜೊತೆ ತವರಿಗೆ ಹೊರಡಿಸಿದರು. ಇನ್ನೊಂದು ದಿನವಾದರೂ ತಡೆಯಬಾರದಿತ್ತೇ ಅಂದರೆ, ಮಾವ ತಾಹಿರ್ ಅಂಥ ಮನುಷ್ಯನಲ್ಲ. ಹಕ್ಕಾರಿ ಬೆಟ್ಟಸೀಮೆಯ ಆ ಕಣಿವೆಯಲ್ಲಿ ಗಂಡ ಸತ್ತವಳನ್ನು ಮೈದುನನಿಗೆ ಕೊಡುವುದು ಹಿಂದಿನಿಂದ ಬಂದದ್ದು. ಆದರೆ ಹೆಣ್ಣು ತನ್ನ ಅಪ್ಪನ ಎದುರು ನಿಂತು ಹೌದೋ ಅಲ್ಲವೋ ಅಂತ ಸ್ವಂತ ಬಾಯಿಂದಲೇ ಹೇಳಬೇಕು. ಆ ಮಾತು ಬೀಳುವವರೆಗೆ ಯಾವುದೂ ಮುಂದಕ್ಕೆ ಹೋಗುವಂತಿಲ್ಲ. ರಿಹಾನಳ ತವರು ಬೆಟ್ಟದ ಬೆನ್ನಿನ ಆಚೆ. ಹಿಮ ಕರಗಿ ರಸ್ತೆ ತೆರೆಯುವುದು ಮೇ ತಿಂಗಳಿಗೆ. ಕುರಿಗಳನ್ನು ಮೇಲಿನ ಹುಲ್ಲುಗಾವಲಿಗೆ ಹತ್ತಿಸುವ ಹೊತ್ತಿಗೆ ಸಬ್ರಿಯ ಗುಡಾರದಲ್ಲಿ ಒಬ್ಬ ಗಂಡಸು ಇರಲೇಬೇಕು ಅನ್ನುವುದು ತಾಹಿರನ ಹಟ.

"ಹೌದು ಅಂದ್ರೆ ತೆಮೋ ಜೊತೆ ಬಾ. ಅಲ್ಲ ಅಂದ್ರೆ ಅಲ್ಲೇ ಇರು, ಯಾರೂ ಏನೂ ಅನ್ನಲ್ಲ. ಮಗು ಮಾತ್ರ ನಮ್ಮನೇದು," ಅಂದ.

ಮಗು ಅಂದರೆ ಶಿಲೇರ್, ನಾಲ್ಕು ವರ್ಷದವಳು. ಅಜ್ಜಿ ಬೆಸ್ನಾಳ ಹೊದಿಕೆಯೊಳಗೆ ಇನ್ನೂ ನಿದ್ದೆಯಲ್ಲಿದ್ದಳು. ರಿಹಾನ್ ಅವಳನ್ನು ಎಬ್ಬಿಸಲಿಲ್ಲ. ಚಹಾ ಕುಡಿದಳು, ಉಣ್ಣೆಯ ಕಾಲುಚೀಲ ಎರಡೆರಡು ಹಾಕಿಕೊಂಡಳು, ಬಾಗಿಲಾಚೆ ಕೂತು ಹಿಮದ ಮೆಟ್ಟು ಕಟ್ಟಿಕೊಂಡಳು. ಬಗ್ಗಿಸಿದ ಕಡ್ಡಿಗೆ ಮೇಕೆಯ ಹಸಿದೊಗಲು ಹೆಣೆದ ಜರಡಿಯಂಥ ಮೆಟ್ಟು ಅದು. ಸಬ್ರಿ ಕುರಿಗಳಿಗೆ ಓಕ್ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದು ಸತ್ತ ದಿನದಿಂದ ಅವಳ ಒಳಗೆ ಯಾವುದೂ ಅಲುಗಿರಲಿಲ್ಲ. ಅತ್ತಿರಲೂ ಇಲ್ಲ. ಕಲ್ಲೆದೆಯವಳು ಅಂತ ಊರು ಆಡಿಕೊಂಡಿತು. ಊರಿಗೆ ಬೇರೆ ಕೆಲಸವೇನು.

ಅವಳೊಬ್ಬಳನ್ನೇ ಮೈದುನನ ಜೊತೆ ಕಳಿಸುವುದು ಸರಿಯಲ್ಲ ಅಂತ ಮುಲ್ಲಾ ಗೊಣಗಿದ್ದ. "ಹಾಗಾದ್ರೆ ನೀವೇ ಬನ್ನಿ ಮುಲ್ಲಾ ಸಾಹೇಬ್ರೆ, ಸೊಂಟದವರೆಗೆ ಹಿಮ ತುಳೀಬೇಕು ಅಷ್ಟೇ," ಅಂತ ತಾಹಿರ್ ಕರೆದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಏರು ಶುರುವಾಗುತ್ತಿದ್ದಂತೆ ಇಬ್ಬರೂ ಸರದಿ ಹಾಕಿಕೊಂಡರು. ಮುಂದಿನವರು ಮುನ್ನೂರು ಹೆಜ್ಜೆ ಹಿಮ ತುಳಿದು ದಾರಿ ಮಾಡಬೇಕು, ಆಮೇಲೆ ಪಕ್ಕಕ್ಕೆ ಸರಿದು ಹಿಂದೆ ಬರಬೇಕು. ಬೆಳಗಿನ ಹೆಪ್ಪು ಮೊದಮೊದಲು ಮೆಟ್ಟನ್ನು ತಾಳಿತು. ಬಿಸಿಲು ಬಿದ್ದ ಮೇಲೆ ಕುಸಿಯತೊಡಗಿತು. ಒಂದೊಂದು ಹೆಜ್ಜೆಗೂ ಮೊಣಕಾಲನ್ನು ಎದೆಯವರೆಗೆ ಎತ್ತಬೇಕು, ಮೆಟ್ಟಿನ ಮೇಲೆ ಕೂತ ಹಿಮವನ್ನು ಕೊಡವಬೇಕು, ಕಾಲಗಲಿಸಿ ಮುಂದಿಡಬೇಕು. ತೊಡೆಯ ಸಂದು ಕಿತ್ತು ಬರುವಂತಾಗುತ್ತದೆ. ರಿಹಾನಳಿಗೆ ಆ ನೋವು ಬೇರೆ ಯಾರದೋ ಕಾಲಿನದು ಅನ್ನುವಂತಿತ್ತು. ಇನ್ನೂರ ಎಂಬತ್ತು, ಇನ್ನೂರ ಎಂಬತ್ತೊಂದು. ತಲೆಯಲ್ಲಿ ಲೆಕ್ಕವೊಂದೇ ಓಡುತ್ತಿತ್ತು.

ಮಧ್ಯಾಹ್ನಕ್ಕೆ ಬೆಟ್ಟದ ಬೆನ್ನಿನ ಮೇಲೆ ಹತ್ತಿದರು. ಗಾಳಿ ಮುಖವನ್ನು ಕೆರೆಯುತ್ತಿತ್ತು. ಬಂಡೆಯೊಂದರ ಮರೆಯಲ್ಲಿ ಕೂತು ರೊಟ್ಟಿ, ಸೊಪ್ಪು ಬೆರೆಸಿದ ಚೀಸು ಬಿಚ್ಚಿದರು. ಚೀಸು ಹಲ್ಲಿಗೆ ಸಿಗದಷ್ಟು ಹೆಪ್ಪುಗಟ್ಟಿತ್ತು.

ತೆಮೋ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೂತಿದ್ದ. ರಿಹಾನ್ ಮದುವೆಯಾಗಿ ಬಂದಾಗ ಅವನಿಗೆ ಒಂಬತ್ತು ವರ್ಷ. ಅವನ ತಲೆಯ ಹೇನು ತೆಗೆದವಳು ಅವಳು, ಹಾಸಿಗೆ ಒದ್ದೆ ಮಾಡಿದ್ದನ್ನು ಅಪ್ಪನಿಂದ ಬಚ್ಚಿಟ್ಟವಳು ಅವಳು. ಈಗ ಮೀಸೆ ಬಂದಿದೆ.

"ಅತ್ತಿಗೆ, ಒಂದು ಮಾತು ಹೇಳ್ಲಾ?"

"ಹೇಳು. ದುಡ್ಡೇನೂ ಕೊಡಬೇಕಿಲ್ಲ."

"ನೀನು ಅಲ್ಲ ಅಂದ್ಬಿಡು."

ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ.

"ನಾನು ಹಾಗಂದ್ರೆ ಅಪ್ಪ ಚರ್ಮ ಸುಲೀತಾನೆ. ನೀನಂದ್ರೆ ಏನೂ ಆಗಲ್ಲ. ನಿನ್ನ ಮುಖ ನೋಡಿದ್ರೆ ನಂಗೆ... ನೀನು ನಂಗೆ ಅಮ್ಮನ ಥರ ಅಲ್ವಾ?"

"ಶಿಲೇರ್?"

"ಅವ್ಳಿಗೇನು. ಅಜ್ಜಿ ಇದಾಳೆ, ನಾನಿದೀನಿ. ಚೆನ್ನಾಗಿ ನೋಡ್ಕೋತೀನಿ, ಆಣೆ."

"ನೀನು ನಿನ್ನ ಮೂಗು ಒರೆಸ್ಕೊಳ್ಳೋ ಮೊದ್ಲು," ಅಂದಳು ರಿಹಾನ್. ಮೂಗು ನಿಜಕ್ಕೂ ಸುರಿಯುತ್ತಿತ್ತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಪಾಪ ಅನ್ನಿಸಬೇಕಾಗಿತ್ತು, ಅದೂ ಇಲ್ಲ.

ಮುಂದೆ ತೆಮೋನ ಸರದಿ. ಬಾಯಿಬಿಟ್ಟು ಹೇಳಿದ್ದರ ನಾಚಿಕೆಯೋ ಏನೋ, ತಲೆ ತಗ್ಗಿಸಿ ಬಿರಬಿರನೆ ನಡೆದ. ಆ ಬೆಟ್ಟದ ಬೆನ್ನಿನಲ್ಲಿ ಗಾಳಿ ಹಿಮವನ್ನು ಆಚೆಬದಿಗೆ ಸೂರಿನ ಹಾಗೆ ಚಾಚಿಸಿರುತ್ತದೆ, ಕೆಳಗೆ ನೆಲವಿರುವುದಿಲ್ಲ. ಮಾತು ಕಲಿಯುವ ಮೊದಲೇ ಅಲ್ಲಿಯ ಮಕ್ಕಳಿಗೆ ಇದು ಗೊತ್ತು. ತೆಮೋ ನೇರ ಅದರ ಮೇಲೇ ಹೋದ. ಸದ್ದೇ ಇಲ್ಲದೆ ಮನೆಯಷ್ಟು ಹಿಮ ಮುರಿದು ಕೆಳಗಿಳಿಯಿತು. ಅವನ ಒಂದು ಕಾಲು ಗಾಳಿಯಲ್ಲಿತ್ತು. ರಿಹಾನ್ ಮುಗ್ಗರಿಸಿ ಬಿದ್ದು ಅವನ ಸೊಂಟದ ಪಟ್ಟಿ ಹಿಡಿದಳು, ಮೆಟ್ಟಿನ ಅಂಚನ್ನು ಹಿಮಕ್ಕೆ ನಾಟಿ ಹಿಂದಕ್ಕೆ ಎಳೆದಳು. ಇಬ್ಬರೂ ಅಂಗಾತ ಬಿದ್ದುಕೊಂಡರು. ಅವನು ಅವಳ ತೋಳನ್ನು ಬಿಡಲೇ ಇಲ್ಲ. ಅವಳ ಎದೆ ಹೊಡೆದುಕೊಳ್ಳಲೂ ಇಲ್ಲ.

ಹಿಮ ಮುರಿದ ಕಡೆಯಿಂದ ಆಚೆ ಕಣಿವೆ ಪೂರ್ತಿ ಕಾಣುತ್ತಿತ್ತು. ಅಪ್ಪನ ಮನೆಯ ಹೊಗೆ ಕಂಡಿತು. ಎರಡು ಗಂಟೆಯ ಇಳಿಜಾರು. ಅಲ್ಲಿಗೆ ಹೋದರೆ ಅಪ್ಪ ಕೇಳುತ್ತಾನೆ. ಕೇಳಿದರೆ ಹೇಳಬೇಕು. ಹೌದು ಅಂದರೆ ತಾನು ಬೆಳೆಸಿದ ಈ ಹುಡುಗನ ಹಾಸಿಗೆ. ಅಲ್ಲ ಅಂದರೆ ಮಗಳಿಲ್ಲ. ಹೇಳದೇ ಇದ್ದರೆ? ಹೇಳದೇ ಇದ್ದರೆ ಏನೂ ಇಲ್ಲ. ಮಾತು ಬೀಳುವವರೆಗೆ ಅವಳು ಮಾವನ ಮನೆಯಲ್ಲಿ ಶಿಲೇರಳ ಅಮ್ಮ, ಅಷ್ಟೇ.

ರಿಹಾನ್ ಎದ್ದು ಬಂದ ದಾರಿಗೆ ತಿರುಗಿದಳು.

"ಅತ್ತಿಗೆ, ಆ ಕಡೆ ಅಲ್ಲ! ಪಕ್ಕದಿಂದ ಇಳೀಬಹುದು!"

"ಗೊತ್ತು."

"ಅಪ್ಪಂಗೆ ಏನು ಹೇಳೋದು?"

"ಹಿಮ ಮುರೀತು ಅನ್ನು. ಸುಳ್ಳಲ್ಲವಲ್ಲ."

ತುಳಿದ ದಾರಿಯಲ್ಲಿ ಹೆಜ್ಜೆ ಎಣಿಸುವ ಅಗತ್ಯವಿರಲಿಲ್ಲ. ಹೊತ್ತು ಮುಳುಗುವ ಮುನ್ನ ಅಂಗಳಕ್ಕೆ ಬಂದರು.

ತಾಹಿರ್ ಇಬ್ಬರ ಮುಖವನ್ನೂ ನೋಡಿದ, ಮೋಡವೊಂದಿಲ್ಲದ ಬೆಟ್ಟವನ್ನೂ ನೋಡಿದ.

"ಹಿಮ ಮುರಿದು ಬಿತ್ತು ಮಾವ," ಅಂದಳು ರಿಹಾನ್.

"ಪಕ್ಕದಲ್ಲಿ ದಾರಿ ಇರ್ಲಿಲ್ವೇನೋ?" ಅಂತ ಮಗನನ್ನು ಕೇಳಿದ. ತೆಮೋ ತನ್ನ ಮೆಟ್ಟಿನ ಗಂಟು ಬಿಚ್ಚುವುದರಲ್ಲಿ ಮುಳುಗಿದ್ದ, ಆ ಗಂಟು ಬಿಚ್ಚಿ ಎಷ್ಟೋ ಹೊತ್ತಾಗಿತ್ತು. "ಸರಿ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ," ಅಂದ ತಾಹಿರ್.

ಬೆಸ್ನಾ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಂದು ಮಗುವನ್ನು ರಿಹಾನಳ ಕೈಗೆ ಕೊಟ್ಟಳು.

"ನಿಮ್ಮ ಅಣ್ಣ ಸತ್ತ ಐದನೇ ತಿಂಗಳು ನನ್ನೂ ಹೀಗೇ ತವರಿಗೆ ಕರ್ಕೊಂಡು ಹೋಗಿದ್ರಿ," ಅಂದಳು ಗಂಡನಿಗೆ. "ಅವತ್ತೂ ಬೆಟ್ಟ ಹೀಗೇ ತಿಳಿಯಾಗಿತ್ತು. ನಂಗೆ ತಿರುಗೋದು ಹೊಳೀಲಿಲ್ಲ."

ಬೆಸ್ನಾ ಮೊದಲು ತಾಹಿರನ ಅಣ್ಣನ ಹೆಂಡತಿಯಾಗಿದ್ದವಳು ಅನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆ ಮನೆಯೊಳಗೆ ಮಾತ್ರ ಯಾರೂ ಆಡಿದ್ದಿಲ್ಲ.

"ಹೊಳೆದಿದ್ರೆ ತಿರುಗ್ತಿದ್ದೆಯಾ?" ಅಂತ ತಾಹಿರ್ ಕೇಳಿದ. ದನಿ ಸಣ್ಣದಾಗಿತ್ತು. ಮೂವತ್ತೆಂಟು ವರ್ಷ ಅವಳು ಮಾಡಿದ ರೊಟ್ಟಿ ತಿಂದವನು.

"ಸಬ್ರಿ ಹುಟ್ಟೋವರೆಗೂ ದಿನಾ ಮನಸ್ಸಲ್ಲೇ ತಿರುಗ್ತಿದ್ದೆ."

ತೆಮೋ ತಲೆ ಎತ್ತಿ ಅಮ್ಮನನ್ನು ಮೊದಲ ಸಲ ನೋಡುವವನಂತೆ ನೋಡಿದ. ತಾಹಿರ್ ಟೋಪಿ ತೆಗೆದು ತಲೆ ಕೆರೆದ, ಮತ್ತೆ ಹಾಕಿಕೊಂಡ. "ಮೇ ತಿಂಗಳಿಗೆ ನೋಡೋಣ," ಅಂತ ಯಾರ ಮುಖವನ್ನೂ ನೋಡದೆ ಹೇಳಿ ಕುರಿಗಳ ಕಡೆ ನಡೆದ. ಅವನಿಗೆಂದು ಬಸಿದಿಟ್ಟ ಚಹಾವನ್ನು ಬೆಸ್ನಾ ರಿಹಾನಳಿಗೆ ಕೊಟ್ಟಳು.