ಜಯಶೀಲನ ಗುರುಗಳು

ಡೊಂಬಿವ್ಲಿ ಪೂರ್ವದ ಲೀಲಾಧರನ ಹೊಟ್ಟೆಗೆ ಬೆಂಕಿ ಬಿದ್ದದ್ದು ಮದುವೆಯೂಟದ ಎಲೆಯ ಮುಂದೆ. ಮದುವೆ ಬೇರೆ ಯಾರದೋ ಅಲ್ಲ, ಅವನದೇ ಬಿಲ್ಡಿಂಗಿನ ಮುಂಡಪ್ಪಣ್ಣನ ಮಗಳದು. ಮುಂಬಯಿಯ ಈ ಕಡೆಯ ತುಳುವರ ಮದುವೆಯೆಂದರೆ ಸ್ಯಾಕ್ಸೋಫೋನಿಗೆ ಲೀಲಾಧರ ಎಂದು ಎಷ್ಟೋ ಕಾಲದಿಂದ ನಡೆದುಬಂದಿತ್ತು. ಹಾಗಿರುವಾಗ ಅವನನ್ನು ಬರೀ ಊಟಕ್ಕೆ ಕರೆದು, ವಾದ್ಯಕ್ಕೆ ಠಾಣೆ ನೌಪಾಡಾದ ಜಯಶೀಲನನ್ನು ಕರೆಸಿದ್ದರು. ಈ ಜಯಶೀಲ ಲೀಲಾಧರನ ಶಿಷ್ಯ. ವಾದ್ಯದ ಬಾಯಿಯ ಪೀಪಿಗೆ ತುಟಿ ಹೇಗೆ ಕೊಡಬೇಕೆಂದು ಅವನು ಕಲಿತದ್ದು ಲೀಲಾಧರನ ಮನೆಯ ಹಾಲ್‌ನಲ್ಲಿ ಕುಳಿತು.

ಶಿಷ್ಯ ಬೆಳೆದರೆ ಗುರುವಿಗೆ ಹೆಮ್ಮೆ ಎಂದು ಸಭೆಗಳಲ್ಲಿ ಹೇಳುತ್ತಾರೆ. ಹಾಗೆ ಹೇಳುವವರಿಗೆ ಸಾಮಾನ್ಯವಾಗಿ ಶಿಷ್ಯರಿರುವುದಿಲ್ಲ. ಜಯಶೀಲ ನುಡಿಸುವ ಮೊದಲು ಮೈಕಿನಲ್ಲಿ "ನನ್ನ ಗುರುಗಳು ಇಲ್ಲಿಯೇ ಇದ್ದಾರೆ" ಎಂದ, ಕೆಳಗಿಳಿದು ಬಂದು ಎಲ್ಲರೆದುರು ಕಾಲು ಮುಟ್ಟಿದ. ಜನ ಚಪ್ಪಾಳೆ ತಟ್ಟಿದರು. ಲೀಲಾಧರ ತಲೆಯ ಮೇಲೆ ಕೈಯಿಟ್ಟು ನಕ್ಕ. ಆಮೇಲೆ ಹೋಳಿಗೆಗೆ ತುಪ್ಪ ಬಡಿಸಿದ್ದು ಕೂಡ ಅವನಿಗೆ ಗೊತ್ತಾಗಲಿಲ್ಲ.

"ನೋಡಿದ್ಯಾ, ಹೇಗೆ ಶೋ ಮಾಡ್ತಾನೆ!" ಎಂದು ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದ.

"ಕಾಲು ಹಿಡಿದ್ರೆ ಶೋ, ಹಿಡೀದಿದ್ರೆ ಸೊಕ್ಕು," ಎಂದಳು ಜಲಜಾಕ್ಷಿ. "ಆ ಹುಡುಗ ಎಂತ ಮಾಡ್ಬೇಕು ಮಾರ್ರೆ? ಸುಮ್ಮನೆ ಊಟ ಮಾಡಿ."

ಕೈ ತೊಳೆಯುವಲ್ಲಿ ಮುಂಡಪ್ಪಣ್ಣ ಸಿಕ್ಕಿದ. ಮನಸ್ಸಿನಲ್ಲಿ ಅಳುಕಿದ್ದವನು ತಾನಾಗಿಯೇ ಬಾಯಿಬಿಟ್ಟ. "ಬೇಜಾರು ಮಾಡ್ಬೇಡ ಲೀಲಾಧರ. ಹುಡುಗ ಹುಡುಗಿಯೇ ಮೊಬೈಲಲ್ಲಿ ಹುಡ್ಕಿದ್ದು. ಫಸ್ಟಿಗೆ ಅವನದ್ದೇ ಬಂತಂತೆ. ನಿಂದು ಎಲ್ಲಿಯೋ ಅಡಿಯಲ್ಲಿ ಉಂಟಂತೆ."

ಅಡಿಯಲ್ಲಿ! ಆ ಒಂದು ಮಾತು ಅವನ ಜೊತೆಗೆ ಮನೆಗೆ ಬಂತು. ಅವನಿಗೂ ಒಂದು ವೆಬ್‌ಸೈಟ್ ಇತ್ತು. ಐರೋಲಿಯ ಕಂಪನಿಯಲ್ಲಿ ಕೆಲಸ ಮಾಡುವ ಮಗಳು ಪೂಜಿತಾ ಎಂದೋ ಒಂದು ರಜೆಯಲ್ಲಿ ಮಾಡಿಕೊಟ್ಟದ್ದು. ಅದರಲ್ಲಿ ಪೇಟ ಕಟ್ಟಿದ ಒಂದು ಫೋಟೊ, ಫೋನ್ ನಂಬರು, ನಾಲ್ಕು ಸಾಲು ಬರಹ, ಅಷ್ಟೆ. ಜಯಶೀಲನದು ಹಾಗಲ್ಲ. ನುಡಿಸಿದ ಒಂದೊಂದು ಮದುವೆಗೂ ಒಂದು ಪುಟ, ಪುಟಕ್ಕೊಂದು ವಿಡಿಯೊ. ಲೀಲಾಧರ ಆ ವಿಡಿಯೊಗಳನ್ನು ಹಾಕಿಕೊಂಡು ಅಪಸ್ವರ ಹುಡುಕುತ್ತಿದ್ದ. ಸಿಗದಿದ್ದಾಗ ಹೊಟ್ಟೆ ಉರಿದು ಅರ್ಧದಲ್ಲೇ ಮುಚ್ಚಿಬಿಡುತ್ತಿದ್ದ.

ಮುಂದಿನ ದಿನಗಳಲ್ಲಿ ಅವನು ಲೋಕಲ್ ಗಾಡಿಯಲ್ಲಿ ಹೋಗುವಾಗ ಕಿಟಕಿಯ ಹೊರಗೆ ನೋಡುವುದನ್ನೇ ಬಿಟ್ಟ. ಸ್ಟೇಷನ್ ಬಂದಾಗಲೆಲ್ಲ ಮೊಬೈಲಿನಲ್ಲಿ 'ಮದುವೆ ಸ್ಯಾಕ್ಸೋಫೋನ್' ಎಂದು ಹುಡುಕುತ್ತಿದ್ದ. ಡೊಂಬಿವ್ಲಿಯಲ್ಲಿ ಅವನ ಹೆಸರು ಎರಡನೇ ಪುಟದಲ್ಲಿ ಸಿಗುತ್ತಿತ್ತು, ದಿವಾ ಬರುವಾಗ ಮೂರನೇ ಪುಟ, ಮುಂಬ್ರಾ ದಾಟಿದರೆ ಪತ್ತೆಯೇ ಇಲ್ಲ. ಜಯಶೀಲ ಮಾತ್ರ ಕಲ್ಯಾಣದಲ್ಲೂ ಮೇಲೆ, ಠಾಣೆಯಲ್ಲೂ ಮೇಲೆ, ಕೋಪರಖೈರಣೆಗೆ ಹೋದರೂ ಮೇಲೆ.

"ಪಪ್ಪಾ, ಜಾಗ ಬದಲಾದ್ರೆ ರಿಸಲ್ಟೂ ಬದಲಾಗ್ತದೆ. ಟೆನ್ಶನ್ ಮತ್ ಲೋ, ತಲೆಬಿಸಿ ಬೇಡ," ಎಂದಳು ಪೂಜಿತಾ.

"ಅವನದ್ದು ಯಾಕೆ ಬದಲಾಗುದಿಲ್ಲ?"

ಪೂಜಿತಾ ಚಾರ್ಜರ್ ಹುಡುಕುವ ನೆವದಲ್ಲಿ ಒಳಗೆ ಹೋದಳು.

ಹಟ ಹಿಡಿದರೆ ಲೀಲಾಧರ ಕಲಿಯದ ವಿದ್ಯೆಯಿಲ್ಲ. ಯೂಟ್ಯೂಬಿನಲ್ಲಿ, ಸೈಟನ್ನು ಮೇಲೆ ತರುವುದು ಹೇಗೆಂದು ಹಿಂದಿಯಲ್ಲಿ ಹೇಳಿಕೊಡುವ ಒಬ್ಬ ಮಾಸ್ತರನನ್ನು ಹಿಡಿದ. ಜನ ಯಾವ ಶಬ್ದ ಹಾಕಿ ಹುಡುಕುತ್ತಾರೆಂದು ತೋರಿಸುವ ಉಪಕರಣವೊಂದಿದೆ ಎಂದು ತಿಳಿಯಿತು. ಅದನ್ನು ನೋಡಿ ತನ್ನ ಪುಟದಲ್ಲಿ ಡೊಂಬಿವ್ಲಿ, ಕಲ್ಯಾಣ, ಗೃಹಪ್ರವೇಶ, ಸೀಮಂತ ಎಂದೆಲ್ಲ ಬರೆಸಿದ. ಸೈಟಿನ ಕಾಯಿಲೆ ಪತ್ತೆ ಮಾಡುವ ಇನ್ನೊಂದು ಉಪಕರಣವು ಅವನ ಪೇಟದ ಫೋಟೊ ಬಹಳ ಭಾರವಾಗಿದೆ, ತೆರೆದುಕೊಳ್ಳಲು ತಡವಾಗುತ್ತದೆ ಎಂದಿತು. ಪೂಜಿತಾಳನ್ನು ಕಾಡಿ ಅದನ್ನೂ ಹಗುರ ಮಾಡಿಸಿದ. ನಿಜಕ್ಕೂ ಫಲ ಸಿಕ್ಕಿತು. ತಿಂಗಳು ಕಳೆಯುವಷ್ಟರಲ್ಲಿ ಅವನು ಮೊದಲ ಪುಟದ ನಡುವಿಗೆ ಬಂದಿದ್ದ, ಒಂದು ಗೃಹಪ್ರವೇಶ, ಒಂದು ನಿಶ್ಚಿತಾರ್ಥ ಸೈಟು ನೋಡಿಯೇ ಬಂದಿದ್ದವು. ಬೇರೆ ಯಾರಾದರೂ ಇಷ್ಟಕ್ಕೆ ದೇವರಿಗೆ ಕಾಯಿ ಒಡೆಯುತ್ತಿದ್ದರು. ಆದರೆ ಮತ್ಸರದವನ ಕಣ್ಣಿಗೆ ತಾನು ದಾಟಿ ಬಂದವರು ಕಾಣುವುದಿಲ್ಲ. ಮೇಲೆ ಕುಳಿತವನೊಬ್ಬನೇ ಕಾಣುತ್ತಾನೆ.

ಹಾಗೆ ನೋಡುತ್ತಿರುವಾಗ ಒಂದು ಮಧ್ಯಾಹ್ನ ಗೂಗಲ್ಲಿನ ವರದಿಯೊಂದು ಅವನ ಕಣ್ಣಿಗೆ ಬಿತ್ತು. ಅವನ ಸೈಟಿಗೆ ಬೇರೆ ಯಾವ ಯಾವ ಸೈಟುಗಳಿಂದ ಕೊಂಡಿಗಳಿವೆ, ಅಂದರೆ ಎಲ್ಲೆಲ್ಲಿ ಒತ್ತಿದರೆ ಜನ ಅವನ ಪುಟಕ್ಕೆ ಬಂದು ಬೀಳುತ್ತಾರೆ, ಎಂಬುದು ಅದರಲ್ಲಿತ್ತು. ಎಲ್ಲಕ್ಕಿಂತ ಮೇಲೆ ಜಯಶೀಲನ ಸೈಟಿನ ಹೆಸರು. ಒಂದೆರಡಲ್ಲ, ನೂರಾರು ಕೊಂಡಿ!

ಲೀಲಾಧರನಿಗೆ ಮೈಯೆಲ್ಲ ಉರಿಯಿತು. ಹಿಂದಿ ಮಾಸ್ತರ ಹೇಳಿದ್ದ: ಕೆಲವು ಕೆಟ್ಟ ಸೈಟುಗಳು ಜಿಗಣೆಯ ಹಾಗೆ ನಿಮ್ಮ ಸೈಟಿಗೆ ಅಂಟಿಕೊಂಡು ನಿಮ್ಮನ್ನು ಕೆಳಗೆ ಎಳೆಯುತ್ತವೆ ಎಂದು. ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು ಎಂದೂ ಮಾಸ್ತರ ಹೇಳಿದ್ದ, ಆದರೆ ಅಷ್ಟೆಲ್ಲ ಕೇಳುವ ತಾಳ್ಮೆ ಯಾರಿಗಿದೆ? 'ಹೀಗೋ ಸಂಗತಿ! ನನ್ನ ರಕ್ತ ಹೀರಿ ಮೇಲೆ ಹತ್ತಿದ್ದಾನೆ ಕಳ್ಳ' ಎಂದುಕೊಂಡ. ಇಂಥ ಕೊಂಡಿಗಳನ್ನು ತಿರಸ್ಕರಿಸಲು ಗೂಗಲ್ಲಿನಲ್ಲೇ ಒಂದು ಉಪಕರಣವಿದೆ. ಇಂಥ ಸೈಟಿಗೂ ನನಗೂ ಸಂಬಂಧವಿಲ್ಲ, ಅದರ ಮಾತನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಒಂದು ಸಾಲು ಬರೆದು ಒಪ್ಪಿಸಬೇಕು. ತಿಳಿಯದೆ ಬಳಸಿದರೆ ನಿಮಗೇ ಹಾನಿ ಎಂಬ ಎಚ್ಚರಿಕೆ ಅಲ್ಲಿಯೇ ಇತ್ತು. ಲೀಲಾಧರ ಅದನ್ನು ಓದಿದ, ಓದಿಯೂ ಜಯಶೀಲನ ಸೈಟಿನ ಹೆಸರು ಬರೆದು ಒತ್ತಿಯೇಬಿಟ್ಟ. ಆ ಸಂಜೆ ಅವನು ಬಹಳ ದಿನಗಳ ಮೇಲೆ ಬಾಲ್ಕನಿಯಲ್ಲಿ ನಿಂತು ಕಲ್ಯಾಣಿ ರಾಗ ನುಡಿಸಿದ. ಜಲಜಾಕ್ಷಿಗೆ ಸಂತೋಷವಾಗಿ ಇನ್ನೊಂದು ಲೋಟ ಚಹಾ ತಂದುಕೊಟ್ಟಳು.

ಆಮೇಲೆ ಇಳಿತ ಶುರುವಾಯಿತು. ಒಂದೇ ದಿನಕ್ಕಲ್ಲ, ವಾರವಾರಕ್ಕೂ ಸ್ವಲ್ಪ ಸ್ವಲ್ಪ. ಮೊದಲ ಪುಟದ ನಡುವಿನಿಂದ ಕೊನೆಗೆ, ಕೊನೆಯಿಂದ ಎರಡನೇ ಪುಟಕ್ಕೆ, ಅಲ್ಲಿಂದ ಇನ್ನೂ ಕೆಳಗೆ. ಮದುವೆಯ ಸೀಸನ್ ಬಂದರೂ ಫೋನು ಮಲಗಿತ್ತು. ಜಯಶೀಲ ಮೇಲೆ ಕೂತವನು ಕೂತೇ ಇದ್ದ.

ಕೊನೆಗೆ ಪೂಜಿತಾ ಒಂದು ಭಾನುವಾರ ಕುಳಿತು ಎಲ್ಲ ತೆರೆದು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಬದಲಾಯಿತು.

"ಪಪ್ಪಾ, ಯೇ ಆಪ್ನೇ ಕಿಯಾ? ಜಯಶೀಲಣ್ಣನ ಲಿಂಕ್ ಎಲ್ಲಾ ನೀವೇ ಬೇಡ ಹೇಳಿದ್ದಾ?"

"ಮತ್ತೆ? ಜಿಗಣೆ ಅದು."

ಪೂಜಿತಾ ಜಯಶೀಲನ ಒಂದು ಪುಟ ತೆರೆದು, ವಿಡಿಯೊ ದಾಟಿಸಿ ಬುಡದವರೆಗೆ ಇಳಿಸಿ ತೋರಿಸಿದಳು. ಅಲ್ಲಿ ಬರೆದಿತ್ತು: 'ನನ್ನ ಗುರುಗಳು ಡೊಂಬಿವ್ಲಿಯ ಶ್ರೀ ಲೀಲಾಧರ ಅವರು.' ಹೆಸರು ಒತ್ತಿದರೆ ಇವನ ಸೈಟು. ಇನ್ನೊಂದು ಪುಟ ತೆರೆದಳು, ಅಲ್ಲಿಯೂ ಅದೇ. ನುಡಿಸುವ ಮೊದಲು ಗುರುವಿನ ಹೆಸರು ಹೇಳಬೇಕೆಂದು ಕಲಿಸಿದವನು ಲೀಲಾಧರನೇ. ಜಯಶೀಲ ಅದನ್ನು ಪುಟಪುಟದಲ್ಲೂ ಪಾಲಿಸಿದ್ದ.

"ಲಿಂಕ್ ಅಂದ್ರೆ ಸಿಫಾರಸು ಪಪ್ಪಾ. ಅವನದ್ದು ದೊಡ್ಡ ಸೈಟ್, ಅವನ ಮಾತಿಗೆ ಬೆಲೆ ಉಂಟು. ನಿಮ್ಮನ್ನು ಮೇಲೆ ಹಿಡಿದದ್ದೇ ಅದು."

"ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡಿದ ಹಾಗಾಯ್ತು," ಎಂದು ಅಡುಗೆಮನೆಯಿಂದ ಜಲಜಾಕ್ಷಿ ಹೇಳಿದಳು. ಅವಳ ಕಿವಿ ಬಲು ಚುರುಕು.

ಇಲ್ಲಿ ಲೀಲಾಧರನಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಮಾತ್ರ. ಅದರ ಹಿಂದೆಯೇ ಹಳೆಯ ಹೊಟ್ಟೆಕಿಚ್ಚು ಇನ್ನೂ ದೊಡ್ಡದಾಗಿ ಎದ್ದು ಬಂತು. ವಾದ್ಯದಲ್ಲಿ ಮುಂದೆ ಹೋದ, ಸರಿ. ಹೆಸರಿನಲ್ಲಿ ಮುಂದೆ ಹೋದ, ಅದೂ ಆಯಿತು. ಈಗ ಒಳ್ಳೆಯತನದಲ್ಲೂ ಇವನೇ ಮುಂದೆಯೋ? ಮನುಷ್ಯನಿಗೆ ತಿರುಗಿ ಬಯ್ಯಲು ಒಂದು ಸಣ್ಣ ದೋಷವನ್ನಾದರೂ ಅವನು ಉಳಿಸಬಾರದಿತ್ತೇ? ಜಯಶೀಲ ನಿಜವಾಗಿ ಕಳ್ಳನಾಗಿದ್ದರೆ ಲೀಲಾಧರ ಆ ದಿನ ಎಷ್ಟೋ ನೆಮ್ಮದಿಯಿಂದ ಊಟ ಮಾಡುತ್ತಿದ್ದ.

"ಇದನ್ನು ಕ್ಯಾನ್ಸಲ್ ಮಾಡ್ಬಹುದು. ಮಾಡ್ಲಾ?" ಎಂದಳು ಪೂಜಿತಾ.

"ಬೇಡ. ಅವನ ಉಪಕಾರದಲ್ಲಿ ಮೇಲೆ ಬರುದಕ್ಕಿಂತ ಅಡಿಯಲ್ಲಿ ಇರುದೇ ಲಾಯ್ಕ."

ಈ ಶೌರ್ಯ ಬುಧವಾರದವರೆಗೆ ನಡೆಯಿತು. ಬುಧವಾರ ಅವನ ವಾದ್ಯದ ಸೆಟ್ಟಿನಲ್ಲಿ ಡೋಲು ಬಾರಿಸುವ ಹಿತೇಶ್ ಫೋನ್ ಮಾಡಿದ. ದಿವಾದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಅವನು, ಬೇರೆಯವರೆಲ್ಲ ಬಿಟ್ಟು ಹೋದರೂ ಲೀಲಾಧರನ ಜೊತೆಗೆ ಉಳಿದವನು.

"ಅಣ್ಣಾ, ಈ ತಿಂಗಳು ಎಂತಾದ್ರೂ ಉಂಟಾ?" ಹಿತೇಶನ ದನಿ ತಗ್ಗಿತು. "ಇಲ್ಲಾಂದ್ರೆ, ತಪ್ಪು ತಿಳೀಬೇಡಿ, ಜಯಶೀಲಣ್ಣ ಕರೀತಿದ್ದಾರೆ."

"ನೋಡಿ ಹೇಳ್ತೇನೆ," ಎಂದು ಲೀಲಾಧರ ಫೋನಿಟ್ಟ. ಡೋಲೂ ಅವನಿಗೇ ಹೋದರೆ ಇಲ್ಲಿ ಉಳಿಯುವುದೇನು? ಬಾಲ್ಕನಿಯಲ್ಲಿ ಒಬ್ಬನೇ ನಿಂತು ಊದುವುದಷ್ಟೆ. ಲ್ಯಾಪ್‌ಟಾಪು ತೆರೆದು, ಯಾರನ್ನೂ ಕರೆಯದೆ, ತಾನು ಬರೆದುಕೊಟ್ಟ ಆ ಒಂದು ಸಾಲನ್ನು ತಾನೇ ರದ್ದು ಮಾಡಿದ. ಹಿತೇಶನಿಗೆ ಸ್ವಲ್ಪ ತಡೆಯಲು ಹೇಳಿದ. ಅವನು ತಡೆದ, ಪುಣ್ಯಾತ್ಮ.

ಸರಿಯಾಗಲು ಬಹಳ ದಿನ ಹಿಡಿಯಿತು. ಸೀಸನ್ ಅರ್ಧ ಮುಗಿದ ಮೇಲೆ ಒಂದು ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ನಮಸ್ಕಾರ ಸರ್, ನಾನು ನಳಿನಿ ಅಂತ, ಖಾರ್ಘರ್‌ನಿಂದ ಮಾತಾಡ್ತಿದೀನಿ. ನಾವು ಮೈಸೂರಿನವರು, ತಂಗಿ ಮದುವೆ ಇಲ್ಲೇ ಇಟ್ಕೊಂಡಿದೀವಿ. ನೀವು ಜಯಶೀಲ್ ಅವರ ಗುರುಗಳಲ್ವಾ?"

"ನಾನು ಲೀಲಾಧರ," ಎಂದ ಲೀಲಾಧರ.

"ಹ್ಞಾಂ, ಮೊದಲು ನಿಮ್ಮ ಹೆಸರು ಗೊತ್ತಿರ್ಲಿಲ್ಲ. ಜಯಶೀಲ್ ಅವರು ಆ ದಿನ ಸಿಗಲ್ಲ ಅಂದ್ರು. ಅದಕ್ಕೆ ಅವರ ಗುರುಗಳು ಯಾರು ಅಂತ ಗೂಗಲ್ ಮಾಡಿದೆ. ಎಲ್ಲಕ್ಕಿಂತ ಮೊದಲು ನಿಮ್ಮದೇ ಬಂತು."

ಜಲಜಾಕ್ಷಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದಳು. ಲೀಲಾಧರ ಅವಳ ಕಡೆ ನೋಡಲಿಲ್ಲ.

"ಹೌದಮ್ಮ. ಅವನಿಗೆ ಕಲಿಸಿದ್ದು ನಾನೇ."

"ಸರ್, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ," ಎಂದಳು ನಳಿನಿ. "ನಮ್ಮ ತಂಗಿಗೆ ಜಯಶೀಲ್ ನುಡಿಸೋದು ಅಂದ್ರೆ ತುಂಬಾ ಇಷ್ಟ. ನೀವು ಅವರ ಥರಾನೇ ನುಡಿಸ್ತೀರಾ?"

ನುಡಿಸುವ ಆ ರೀತಿಯೇ ನನ್ನದು, ಕೊಟ್ಟವನು ನಾನು ಎಂಬ ಮಾತು ಲೀಲಾಧರನ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ಅವನು ನುಂಗಿಕೊಂಡ.

"ನುಡಿಸ್ತೇನೆ," ಎಂದ. "ತಾರೀಕು ಹೇಳಿ."