ಭಟ್ಟಿ ಆರಿದ ಮೇಲೆ

ನಾನೊಂದು ಕರಿಹಲಗೆ. ಮಂಡಕ್ಕಿ ಭಟ್ಟಿಗಳ ಓಣಿಯ ಪ್ರಾಥಮಿಕ ಶಾಲೆಯ ಬಾಗಿಲ ಪಕ್ಕದ ಗೋಡೆಯ ಮೇಲೆ, ಬೀದಿಗೆ ಮುಖಮಾಡಿ ಬಹಳ ವರ್ಷ ನಿಂತಿದ್ದೆ. ಶಾಲೆಯ ಸುದ್ದಿಯನ್ನು ಮನೆಯವರಿಗೆ ಹೇಳುವುದು ನನ್ನ ಕೆಲಸವಾಗಿತ್ತು. ದೇವರು ನನಗೆ ಬಾಯಿ ಕೊಟ್ಟಿರಲಿಲ್ಲ. ಬರೆದವರ ಮಾತೇ ನನ್ನ ಮಾತು.

ಹಲಗೆಯಾಗುವ ಮೊದಲು ನಾನು ಅದೇ ಶಾಲೆಯ ಅಂಗಳದ ಬೇವಿನ ಮರ. ಒಂದು ಆಷಾಢದ ಗಾಳಿಗೆ ಬುಡಸಮೇತ ಉರುಳಿದೆ. ಎದುರಿನ ಭಟ್ಟಿಯವರು ಸೌದೆಗೆ ಕೇಳಿದರು. ಶಾಲೆಯವರಿಗೆ ಕೊಡಲು ಮನಸ್ಸು ಬರಲಿಲ್ಲ. ಮೋನೇಶಾಚಾರಿ ಎಂಬ ಬಡಗಿ ಬಂದು ನನ್ನನ್ನು ಕೊಯ್ದ, ಹತ್ತರಿ ಹೊಡೆದು ನಯಮಾಡಿದ, ಹಲಗೆಗಳನ್ನು ಜೋಡಿಸಿ ಸುತ್ತ ಚೌಕಟ್ಟು ಕಟ್ಟಿದ. ಕೆಲಸ ಮುಗಿದ ಮೇಲೆ ನನ್ನ ಬೆನ್ನು ತಟ್ಟಿ, "ಬೇವು ಐತಿ, ಹುಳ ಮುಟ್ಟಂಗಿಲ್ಲ. ನಾ ಸತ್ತರೂ ಇದು ಇರತೈತಿ" ಎಂದ. ಅವನು ಹೇಳಿದಂತೆಯೇ ಆಯಿತು. ಅವನಿಲ್ಲ, ನಾನಿದ್ದೇನೆ.

ನನಗೆ ಬಣ್ಣ ಹಚ್ಚಿದವರು ದಾಕ್ಷಾಯಣಿ ಟೀಚರು. ಇದ್ದಿಲನ್ನು ನುಣ್ಣಗೆ ಅರೆದು, ತೊಂಡೆ ಎಲೆಯ ರಸದಲ್ಲಿ ಕಲಸಿ, ಮಕ್ಕಳ ಕೈಯಿಂದ ಉಜ್ಜಿಸಿದರು. ಪ್ರತಿ ಬೇಸಿಗೆ ರಜೆ ಮುಗಿಯುವಾಗ ನನಗೆ ಈ ಅಭ್ಯಂಜನ ತಪ್ಪುತ್ತಿರಲಿಲ್ಲ. ಮೊದಲ ದಿನ ಅವರು ನನ್ನ ಹಣೆಗೆ ಕುಂಕುಮವಿಟ್ಟು, ಚೆಂಡು ಹೂವು ಸಿಕ್ಕಿಸಿ, ಕೆಳಗಿನ ಅಂಚನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ದುಂಡಾದ ಅಕ್ಷರದಲ್ಲಿ ಬರೆದರು: "ಶಾಲೆ ಪ್ರಾರಂಭ. ಮಕ್ಕಳನ್ನು ಕಳುಹಿಸಿರಿ."

ಎದುರಿನ ಭಟ್ಟಿ ನನಗೆ ಹತ್ತು ಮಾರು ದೂರ. ಓಣಿಯ ಹೆಂಗಸರು ಬೆಳಕು ಹರಿಯುವ ಮೊದಲೇ ಅಲ್ಲಿಗೆ ಬರುತ್ತಿದ್ದರು. ಕಾದ ಮರಳಿನಲ್ಲಿ ಅಕ್ಕಿ ಹುರಿದು, ಜರಡಿ ಹಿಡಿದು, ಮಂಡಕ್ಕಿಯನ್ನು ಚೀಲಕ್ಕೆ ತುಂಬಬೇಕು. ಉರಿ ಹತ್ತಿದ ಮೇಲೆ ನಡುವೆ ಬಿಟ್ಟು ಏಳುವಂತಿಲ್ಲ. ಎದ್ದರೆ ಮಾಲು ಸೀದು ಕರಿಯಾಗುತ್ತದೆ. ಮಧ್ಯಾಹ್ನ ಉರಿ ಆರಿದ ಮೇಲೆಯೇ ಅವರಿಗೆ ಬಿಡುಗಡೆ. ಇದನ್ನು ತಿಳಿದೇ ಟೀಚರು ತಾಯಂದಿರಿಗೆ ಗಡಿಯಾರದ ಹೊತ್ತು ಬರೆಯುತ್ತಿರಲಿಲ್ಲ. "ಬುಧವಾರ, ಭಟ್ಟಿ ಆರಿದ ಮೇಲೆ, ಹಲ್ಲಿನ ಡಾಕ್ಟರು ಬರುತ್ತಾರೆ." "ಶುಕ್ರವಾರ, ಭಟ್ಟಿ ಆರಿದ ಮೇಲೆ, ಮಕ್ಕಳ ಸಂತೆ. ಕೊಳ್ಳಲು ಬನ್ನಿ." ಹೀಗೆ ಬರೆಯುತ್ತಿದ್ದರು.

ಹೆಂಗಸರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಕೆಲಸ ಮುಗಿಸಿ ಬಂದು ನನ್ನ ಮುಂದೆ ನಿಲ್ಲುತ್ತಿದ್ದರು. ಯಾವುದಾದರೂ ಮಗು ಗಟ್ಟಿಯಾಗಿ ಓದುತ್ತಿತ್ತು. ಕೇಳಿದ ಮೇಲೆ ಅವರೂ ಟೀಚರಂತೆಯೇ ನನ್ನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಹನುಮವ್ವ ಒತ್ತಿಕೊಳ್ಳುವಳು, ಜೈಬುನ್ನಿಸಾಳೂ ಒತ್ತಿಕೊಳ್ಳುವಳು. ಅಕ್ಷರ ಇಬ್ಬರಿಗೂ ದೇವರೇ. ಅವರ ಕೈಯ ಮಸಿ ಹತ್ತಿ ಹತ್ತಿ ನನ್ನ ಕೆಳಗಿನ ಅಂಚು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಗರ್ಭಗುಡಿಯ ಹೊಸ್ತಿಲೂ ಹೀಗೆಯೇ ಹೊಳೆಯುತ್ತದೆ ಎಂದು ಕೇಳಿದ್ದೇನೆ.

ನಗುವೂ ಇತ್ತು. ಒಮ್ಮೆ ಜೈಬುನ್ನಿಸಾ, "ಟೀಚರ, ನಮ್ಮ ದಾದಾಪೀರಂದು ಹೆಸರು ಈ ಹಲಗಿ ಮ್ಯಾಲ ಯಾವಾಗ ಬರತೈತ್ರಿ?" ಎಂದು ಕೇಳಿದಳು.

ಟೀಚರು ಬಾಯಿ ತೆರೆಯುವ ಮೊದಲೇ ಹನುಮವ್ವ, "ಅಂವ ಒಂದು ವಾರ ತಪ್ಪದಂಗ ಸಾಲಿಗೆ ಬರ್ಲೇಳವಾ. ಅದನ್ನ ದೊಡ್ಡ ಸುದ್ದಿ ಅಂತ ಬರೀತಾರ" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಜೈಬುನ್ನಿಸಾಳೇ.

ಹನುಮವ್ವನ ಮಗಳು ರೇಣವ್ವ. ಒಂದು ದಿನ ಟೀಚರು ಬರೆದರು: "ಮೂರನೆಯ ತರಗತಿಯ ರೇಣವ್ವನಿಗೆ ಕಂಠಪಾಠದಲ್ಲಿ ಮೊದಲ ಬಹುಮಾನ." ಅದನ್ನು ಓದಿದವಳು ರೇಣವ್ವನೇ. ತನ್ನ ಹೆಸರು ಬಂದಾಗ ನಾಚಿ ದನಿ ತಗ್ಗಿಸಿದಳು. "ಗಟ್ಟಿ ಓದs, ಕೇಳಲಿ ಓಣಿಗೆಲ್ಲ!" ಎಂದಳು ತಾಯಿ. ಆ ಸಾಲನ್ನು ಅಳಿಸಬೇಡಿರೆಂದು ಟೀಚರನ್ನು ಬೇಡಿಕೊಂಡಳು. ಆ ವರ್ಷ ಮುಂದಿನ ಸುದ್ದಿಗಳನ್ನೆಲ್ಲ ಟೀಚರು ಅದರ ಸುತ್ತಮುತ್ತ ಇಕ್ಕಟ್ಟಿನಲ್ಲಿ ಬರೆದರು. ಅಷ್ಟು ಪ್ರೀತಿ ಅವರದು. ಅದನ್ನೂ ಹೇಳದಿದ್ದರೆ ಧರ್ಮವಾಗದು.

ರೇಣವ್ವ ಐದನೆಯ ತರಗತಿಗೆ ಬಂದ ವರ್ಷ ಓಣಿಯಲ್ಲಿ ಗುಸುಗುಸು ಎದ್ದಿತು. ಮಕ್ಕಳು ಕಡಿಮೆ, ಶಾಲೆ ಮುಚ್ಚಿ ಹೆದ್ದಾರಿಯ ಆಚೆಯ ಶಾಲೆಗೆ ಸೇರಿಸುತ್ತಾರೆ ಎಂದು. ಹೆದ್ದಾರಿಯಲ್ಲಿ ಹಗಲೂ ರಾತ್ರಿಯೂ ಲಾರಿಗಳು. ಹನುಮವ್ವ ಟೀಚರನ್ನು ನನ್ನ ಮುಂದೆಯೇ ತಡೆದು ಕೇಳಿದಳು.

"ಖರೇನ್ರಿ ಟೀಚರ? ಆ ರಸ್ತೆ ದಾಟಿಸಿ ಹುಡಿಗೀನ್ನ ನಾ ಹೆಂಗ ಕಳಿಸ್ಲಿ? ಸಾಲಿ ಬಿಡಸಬೇಕಾಗತೈತಿ."

"ಶಿಕ್ಷಣ ಇಲಾಖೆ ಸಾಹೇಬರು ಬಂದು ಪಾಲಕರನ್ನ ಕೇಳ್ತಾರವಾ. ನೀವೆಲ್ಲ ಬ್ಯಾಡ ಅಂದ್ರ ಮುಚ್ಚಂಗಿಲ್ಲ. ಸಭೆ ಯಾವಾಗ ಅಂತ ಹಲಗಿ ಮ್ಯಾಲ ಬರೀತೀನಿ, ನೋಡ್ಕೊಂಡು ಬರ್ರಿ."

"ಉರಿ ಮುಂದ ಕುಂತಿದ್ರೂ ಎದ್ದು ಬರ್ತೀವ್ರಿ" ಎಂದು ಹನುಮವ್ವ ನನ್ನ ಅಂಚು ಮುಟ್ಟಿ ಹೋದಳು.

ಎರಡು ದಿನ ಕಳೆದು, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಟೀಚರು ಸೀಮೆಸುಣ್ಣ ಹಿಡಿದು ಬಂದರು. ಹಿಂದೆಯೇ ಹೆಡ್‌ಮಾಸ್ತರ ಗುರುಶಾಂತಪ್ಪನವರು ಬಂದರು.

"ಶನಿವಾರ ಮುಂಜಾನಿ ಹತ್ತಕ್ಕ ಸಾಹೇಬರು ಬರ್ತಾರ. ಪಾಲಕರಿಗೆ ತಿಳಿಸಬೇಕಂತ ನಿಯಮ ಐತಿ."

"ಹತ್ತು ಗಂಟೆ ಅಂತ ಬರದ್ರ ಮಾಲು ಸೀದರೂ ಸೀಯಲಿ ಅಂತ ಎಲ್ಲಾ ಬರ್ತಾರ ಸರ್" ಎಂದರು ಟೀಚರು.

"ಬಂದ್ರ ಸಾಲಿ ಉಳೀತೈತಿ. ಸಾಲಿ ಉಳದ್ರ ನೀವೂ ಇಲ್ಲೇ ಉಳೀತೀರಿ, ನಾನೂ ಇಲ್ಲೇ. ನಿಮ್ಮೂರ ಸಾಲ್ಯಾಗ ಖಾಲಿ ಇರೋ ಜಾಗ ಮತ್ತೊಬ್ಬರ ಪಾಲು." ಹೆಡ್‌ಮಾಸ್ತರರು ನನ್ನ ಕಡೆ ನೋಡಿ, "ದಿನಾ ಬರಿಯೂ ಹಂಗ ಬರೀರಿ ಟೀಚರ. ಯಾರಿಗೂ ಹೊಸದು ಅನಸಂಗಿಲ್ಲ" ಎಂದು ಒಳಗೆ ಹೋದರು.

ಟೀಚರು ಸೀಮೆಸುಣ್ಣ ಎತ್ತಿದರು. ತಾಯಿ, ಬರೆಯಬೇಡ ಎಂದು ನಾನು ಒಳಗೊಳಗೇ ಮೊರೆಯಿಟ್ಟೆ. ಅವರು ಎಂದಿನಂತೆ ನನ್ನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಬರೆದರು: "ಶನಿವಾರ, ಭಟ್ಟಿ ಆರಿದ ಮೇಲೆ, ಪಾಲಕರ ಸಭೆ. ತಪ್ಪದೆ ಬನ್ನಿರಿ." ಅಕ್ಷರಗಳು ಎಂದಿನಷ್ಟೇ ದುಂಡಗಿದ್ದವು. ಒಂದಕ್ಷರ ಸೊಟ್ಟಗಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೋ ಏನೋ.

ಶನಿವಾರ ಹತ್ತಕ್ಕೆ ಜೀಪು ಬಂತು. ಸಾಹೇಬರು ಒಳಗೆ ಹೋದರು. ರೇಣವ್ವ ಕಿಟಕಿಯಲ್ಲಿ ಕಂಡು, ತರಗತಿಯಿಂದ ಓಡಿ, ಬೀದಿ ದಾಟಿ ಭಟ್ಟಿಯ ಬಾಗಿಲಲ್ಲಿ ನಿಂತು ಕೂಗಿದಳು: "ಯವ್ವಾ, ಸಾಹೇಬರು ಬಂದಾರ! ಸಭೆ ಈಗs ನಡದೈತಿ! ಬಾ!"

ಹೊಗೆಯೊಳಗಿಂದ ಹನುಮವ್ವನ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು. "ಹುಚ್ಚಿ, ಅದು ಬ್ಯಾರೆ ಏನೋ ಇರಬೇಕು. ಹಲಗಿ ಮ್ಯಾಲ ಭಟ್ಟಿ ಆರಿದ ಮ್ಯಾಲ ಅಂತ ಐತಿ. ನೀನs ಓದಿ ಹೇಳೀಯಲ್ಲ."

"ನಾ ಕಣ್ಣಾರೆ ನೋಡೀನಿ ಯವ್ವಾ!"

"ಟೀಚರು ಸುಳ್ಳು ಬರೀತಾರೇನು? ನಡಿ, ಪಾಠ ಕೇಳ ನಡಿ."

ಮಗಳ ಕಣ್ಣಿಗಿಂತ ನನ್ನ ಮೇಲೆ ಆ ತಾಯಿಗೆ ಹೆಚ್ಚು ನಂಬಿಕೆ. ಅಂಥ ನಂಬಿಕೆ ಇನ್ನಾರಿಗೂ ಬರದಿರಲಿ ಎಂದು ದೇವರನ್ನು ಬೇಡುತ್ತೇನೆ.

ಜೀಪು ಹೊರಟುಹೋಯಿತು. ಮಧ್ಯಾಹ್ನ ಉರಿ ಆರಿತು. ಹೆಂಗಸರು ಮುಖ ತೊಳೆದು, ಮಡಿಸಿಟ್ಟ ಸೀರೆಗಳನ್ನು ಉಟ್ಟು, ಹಬ್ಬಕ್ಕೆ ಬರುವಂತೆ ಬಂದರು. ಗುರುಶಾಂತಪ್ಪನವರು ಬಾಗಿಲಿಗೆ ಅಡ್ಡ ನಿಂತರು.

"ಸಭೆ ಮುಗೀತಲ್ಲವಾ. ಪಾಲಕರು ಒಬ್ಬರೂ ಬರಲಿಲ್ಲ, ಅಂದ್ರ ತಕರಾರಿಲ್ಲ ಅಂತ ಸಾಹೇಬರು ನಿರ್ಣಯ ಮಾಡಿ ಹೋದ್ರು."

ಹನುಮವ್ವ ನನ್ನ ಕಡೆ ಬೆರಳು ತೋರಿಸಿ ಮಗಳಿಗೆ, "ಓದು" ಎಂದಳು. ರೇಣವ್ವ ಓದಿದಳು. "ಇನ್ನೊಮ್ಮೆ ಓದು" ಎಂದಳು. ರೇಣವ್ವ ಅಳುತ್ತ ಇನ್ನೊಮ್ಮೆ ಓದಿದಳು.

ಜೈಬುನ್ನಿಸಾ ಕಿಟಕಿಯ ಕಡೆ ತಿರುಗಿ, "ಟೀಚರ, ಹೊರಗ ಬರ್ರಿ! ನೀವs ಬಂದು ಹೇಳ್ರಿ!" ಎಂದು ಕೂಗಿದಳು. ಕಿಟಕಿಯ ಹಿಂದೆ ಸೆರಗು ಅಲುಗಿತು. ಅವರು ಬರಲಿಲ್ಲ. ಗುರುಶಾಂತಪ್ಪನವರು ಒರೆಸುವ ಬಟ್ಟೆ ಹಿಡಿದು ನನ್ನ ಬಳಿ ಬಂದಾಗ ಹನುಮವ್ವ ಅವರ ಕೈಗೆ ಅಡ್ಡವಾದಳು. "ಅಳಸಬ್ಯಾಡ್ರಿ. ಇರ್ಲಿ ಅದು" ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗಿಷ್ಟು ನೋವಾಗುತ್ತಿರಲಿಲ್ಲ. ಆ ದಿನ ಯಾರೂ ನನ್ನ ಅಂಚು ಮುಟ್ಟಲಿಲ್ಲ. ಆ ಸಾಲನ್ನು ಕೊನೆಗೆ ಅಳಿಸಿದ್ದು ಮಳೆ.

ಶಾಲೆ ಮುಚ್ಚಿತು. ಟೀಚರಿಗೆ ಅವರೂರಿನ ಜಾಗ ಸಿಕ್ಕಿತು. ಹೊರಡುವ ದಿನ ಚೀಲ ಕೆಳಗಿಟ್ಟು, ನನ್ನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಹಣೆಗೆ ಮೊದಲ ಕುಂಕುಮವಿಟ್ಟ ಬೆರಳು ಅದು. ಅಂದು ಅದು ನನ್ನನ್ನು ಕೆಂಡದಂತೆ ಸುಟ್ಟಿತು. ಅವರು ನನ್ನನ್ನು ಒಡೆದಿದ್ದರೆ ಸಹಿಸುತ್ತಿದ್ದೆ. ನನ್ನ ಮುಖದಲ್ಲೇ ಸುಳ್ಳು ಬರೆದು, ನನಗೇ ಕೈಮುಗಿದರಲ್ಲ!

ದಾದಾಪೀರನಂಥ ಹುಡುಗರು ಸೈಕಲ್ಲಿನಲ್ಲಿ ಹೆದ್ದಾರಿ ದಾಟಿ ಹೋದರು. ಹುಡುಗಿಯರು ಒಬ್ಬೊಬ್ಬರಾಗಿ ಮನೆಯಲ್ಲಿ ಉಳಿದರು. ಮರುವರ್ಷ ರೇಣವ್ವ ತಾಯಿಯ ಪಕ್ಕದಲ್ಲಿ ಜರಡಿ ಹಿಡಿದು ಕುಳಿತಿದ್ದನ್ನು ನೋಡಿದೆ. ತುಟಿ ಅಲುಗುತ್ತಿತ್ತು. ಬಾಯಿಪಾಠದ ಪದ್ಯವನ್ನೇ ಹೇಳಿಕೊಳ್ಳುತ್ತಿದ್ದಳೇನೋ. ಕೆಲವು ತಿಂಗಳ ಮೇಲೆ ಅದೂ ನಿಂತಿತು.

ಖಾಲಿ ಶಾಲೆಯೊಳಗೆ ಭತ್ತದ ಹೊಟ್ಟು ತುಂಬಿದರು. ಭಟ್ಟಿಯ ಯಜಮಾನ ವೀರಣ್ಣ ಒಂದು ದಿನ ನನ್ನನ್ನು ಗೋಡೆಯಿಂದ ಕೀಳಿಸಿ, "ಒಲಿಗೆ ಹಾಕ್ರಿ, ಒಣಗಿದ ಬೇವು, ಚಂದಾಗಿ ಉರೀತೈತಿ" ಎಂದ. ಉರಿದಿದ್ದರೆ ಚೆನ್ನಾಗಿತ್ತು. ಆದರೆ ರೇಣವ್ವ ಎದ್ದು ಬಂದು, "ಬ್ಯಾಡ್ರಿ ಯಜಮಾನರ. ರಜಾ ಗಿಜಾ ಬರಿಯಾಕ ಬೇಕಾಗತೈತಿ" ಎಂದಳು. "ಬರಿಯಾಕ ಯಾರಿಗೆ ಬರತೈತಿ ಇಲ್ಲಿ?" ಎಂದು ಅವನು ನಕ್ಕ. "ನನಗ" ಎಂದಳು ಅವಳು.

ಹಾಗೆ ನಾನು ಭಟ್ಟಿಯ ಮೂಲೆ ಸೇರಿದೆ. ಹೊಗೆ ಹತ್ತಿ ಮೈಯೆಲ್ಲ ಕರಿ. ಈಗ ತೊಂಡೆ ಎಲೆಯ ರಸ ಬೇಡ. ಹುಳವೂ ನನ್ನನ್ನು ಮುಟ್ಟಿಲ್ಲ.

ಮೊನ್ನೆ ಹಳೆಯ ಒಲೆಯನ್ನು ಮತ್ತೆ ಕಟ್ಟಿಸಬೇಕೆಂದು ವೀರಣ್ಣ ಒಂದು ದಿನ ರಜೆ ಕೊಟ್ಟ. ರೇಣವ್ವ ಎಲ್ಲಿಂದಲೋ ಸೀಮೆಸುಣ್ಣದ ಚೂರು ತಂದು ಬರೆದಳು: "ನಾಳೆ ಭಟ್ಟಿಗೆ ರಜೆ." ದುಂಡನೆಯ ಅಕ್ಷರ, ಟೀಚರು ಕಲಿಸಿದ್ದೇ. ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದಳು. ಎಲ್ಲರೂ ತಲೆಯಾಡಿಸಿ ಹೋದರು.

ಮರುದಿನ ಬೆಳಕು ಹರಿಯುವ ಮೊದಲು ಬಾಗಿಲ ಮುಂದೆ ಹೆಜ್ಜೆ ಸಪ್ಪಳ. ಹನುಮವ್ವ, ಜೈಬುನ್ನಿಸಾ, ಅವರ ಹಿಂದೆ ಉಳಿದವರು. ಒಬ್ಬರೂ ತಪ್ಪಿರಲಿಲ್ಲ. ತಣ್ಣಗಿದ್ದ ಒಲೆಯನ್ನು ಒಬ್ಬೊಬ್ಬರೂ ಬಗ್ಗಿ ನೋಡಿದರು.

ರೇಣವ್ವ ಕೊನೆಗೆ ಬಂದಳು. "ಯವ್ವಾ, ನಾನs ಬರದಿದ್ನಲ್ಲ? ನನ್ನ ಮ್ಯಾಲೂ ನಂಬಿಗಿ ಇಲ್ಲೇನು?"

"ನಿನ್ನ ಮ್ಯಾಲ ಐತವಾ" ಎಂದಳು ಹನುಮವ್ವ. "ಹಲಗಿ ಹೇಳ್ತು ಅಂತ ಮನ್ಯಾಗ ಕುಂದ್ರಾಕ ಮನಸು ಒಪ್ಪಲಿಲ್ಲ. ಕಣ್ಣಾರೆ ನೋಡ್ಕೊಂಡು ಹೋಗೋಣಂತ ಬಂದ್ವಿ."

ಹೊರಡುವಾಗ ಅವಳು ನನ್ನ ಪಕ್ಕದಲ್ಲೇ ಹಾದಳು. ಹಳೆಯ ರೂಢಿಯಿಂದ ಅವಳ ಕೈ ತಾನಾಗಿ ನನ್ನ ಅಂಚಿನ ಕಡೆಗೆ ಬಂತು. ಇಷ್ಟು ವರ್ಷಗಳ ಮೇಲೆ! ನನ್ನ ಒಣಗಿದ ಮೈ ಜುಮ್ಮೆಂದಿತು. ಮುಟ್ಟುವ ಮೊದಲೇ ಅವಳಿಗೆ ನೆನಪಾಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಕತ್ತಲಲ್ಲಿ ಮನೆಯ ಕಡೆ ನಡೆದಳು.